ರಾತ್ರಿ ಏನೂ ತಿನ್ನದಿದ್ದರೂ ಬೆಳಗ್ಗೆ ಶುಗರ್ ಏರುವುದೇಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಟೈಪ್ 2 ಡಯಾಬಿಟಿಸ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ರಾತ್ರಿ ಮಲಗುವಾಗ 128 ಇದ್ದ ಶುಗರ್ ಬೆಳಗ್ಗೆ ಎದ್ದು ನೋಡಿದರೆ 162. ನಡುವೆ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ಅದೇ ಊಟ, ಅದೇ ಅಳತೆ, ಆದರೂ ಉಂಡ ಮೇಲೆ ನೋಡಿದರೆ ಒಂದು ದಿನ 150, ಇನ್ನೊಂದು ದಿನ 210. ಹೆದರಿ ರಾತ್ರಿ ಊಟವನ್ನೇ ಬಿಟ್ಟಿದ್ದೇನೆ. ಹೋದ ವಾರ ಮಧ್ಯಾಹ್ನದ ಊಟ ತಡವಾದಾಗ ಕೈ ನಡುಗಿ, ಮೈಯೆಲ್ಲ ಬೆವರಿತು. ಆಗ 64 ಇತ್ತು. ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7.1. ನಾನೇನು ತಪ್ಪು ಮಾಡುತ್ತಿದ್ದೇನೆ?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಬೆಳಗ್ಗಿನ 162. ನನಗೆ ಚಿಂತೆ ಹತ್ತಿರುವುದು ಆ 64. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಗ್ಲಿಮೆಪಿರೈಡ್ ನಿಮ್ಮ ದೇಹದಿಂದ ಹೆಚ್ಚು ಇನ್ಸುಲಿನ್ (ಶುಗರ್ ಇಳಿಸುವ ಹಾರ್ಮೋನು) ಹೊರಡಿಸುವ ಮಾತ್ರೆ. ನೀವು ಉಣ್ಣಿ, ಬಿಡಿ, ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ಊಟ ತಡವಾದರೆ ಶುಗರ್ ಕುಸಿಯುವುದು ಇದರಿಂದಲೇ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. 70ಕ್ಕಿಂತ ಕೆಳಗೆ ಇಳಿದರೆ ತಡಮಾಡಬೇಡಿ. 3–4 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಅಷ್ಟೇ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ಮನೆಯವರಿಗೂ ಹೇಳಿಡಿ.

ಈ ಮಾತ್ರೆ ತೆಗೆದುಕೊಳ್ಳುತ್ತಾ ಊಟ ಬಿಡುವುದು ಅಪಾಯ. ಇವತ್ತಿನಿಂದಲೇ ರಾತ್ರಿ ಊಟ ಮಾಡಿ. 64 ಆಗಿದ್ದನ್ನು ನಿಮ್ಮ ಡಾಕ್ಟರಿಗೆ ಈ ವಾರವೇ ತಿಳಿಸಿ. ಡೋಸ್ ಇಳಿಸಬೇಕೋ, ಮಾತ್ರೆ ಬದಲಿಸಬೇಕೋ ಅವರು ನೋಡುತ್ತಾರೆ. ನೀವಾಗೇ ನಿಲ್ಲಿಸಬೇಡಿ.

ಈಗ ಬೆಳಗ್ಗಿನ ವಿಷಯ. ರಕ್ತದಲ್ಲಿರುವ ಸಕ್ಕರೆಯೆಲ್ಲ ತಟ್ಟೆಯಿಂದಲೇ ಬಂದದ್ದಲ್ಲ. ಲಿವರ್ ಒಂದು ಉಗ್ರಾಣದ ಹಾಗೆ. ಹೊಟ್ಟೆ ಖಾಲಿ ಇರುವಾಗ ಮೆದುಳಿಗೆ ಕೊರತೆಯಾಗದಂತೆ ಅದು ಸಕ್ಕರೆಯನ್ನು ಬಿಡುತ್ತಲೇ ಇರುತ್ತದೆ. ನಸುಕಿನಲ್ಲಿ, ನಾವು ಏಳುವ ಮುಂಚೆ, ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ. ಆಗ ಲಿವರ್ ಇನ್ನೂ ಜಾಸ್ತಿ ಬಿಡುತ್ತದೆ. ಎಲ್ಲರ ದೇಹದಲ್ಲೂ ಹೀಗೇ. ಡಯಾಬಿಟಿಸ್ ಇಲ್ಲದವರಲ್ಲಿ ಒಂದಿಷ್ಟು ಇನ್ಸುಲಿನ್ ಬಂದು ಅದನ್ನು ಹಿಡಿದಿಡುತ್ತದೆ. ನಿಮ್ಮಲ್ಲಿ ಇನ್ಸುಲಿನ್ ಸಾಲುವುದಿಲ್ಲ, ಇರುವುದರ ಮಾತನ್ನು ಲಿವರ್ ಸರಿಯಾಗಿ ಕೇಳುವುದೂ ಇಲ್ಲ. 128 ಹೋಗಿ 162 ಆಗಿದ್ದು ಬಹುಶಃ ಹೀಗೆ. ಇದರಲ್ಲಿ ನಿಮ್ಮ ತಪ್ಪಿಲ್ಲ. ಕದ್ದು ತಿಂದಿರಬೇಕು ಅಂತ ಮನೆಯವರು ಅನುಮಾನಪಟ್ಟರೆ ಇದನ್ನು ಅವರಿಗೂ ಓದಿಸಿ.

ಒಂದೆರಡು ರಾತ್ರಿ ಅಲಾರಂ ಇಟ್ಟುಕೊಂಡು 3 ಗಂಟೆಗೆ ನೋಡಿ. ಆಗ ಸರಿಯಾಗಿದ್ದು ಬೆಳಗ್ಗೆ ಏರಿದ್ದರೆ ನಾನು ಹೇಳಿದ ಕಾರಣವೇ ಇರಬೇಕು. 3 ಗಂಟೆಗೇ 70ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಜಾಸ್ತಿಯಾಗಿದೆ ಎಂದರ್ಥ, ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ.

ಇನ್ನು 150 ಮತ್ತು 210. ನೀವು ತಟ್ಟೆಯನ್ನು ನೋಡಿದ್ದೀರಿ, ದಿನವನ್ನು ನೋಡಿಲ್ಲ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತಾ? ನೆಗಡಿ, ಜ್ವರ, ಹಲ್ಲುನೋವು? ಮನಸ್ಸಿಗೆ ಏನಾದರೂ ತಾಪತ್ರಯ? ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್? ಇವೆಲ್ಲ ಶುಗರ್ ಏರಿಸುತ್ತವೆ. ಊಟಕ್ಕೆ ಮುಂಚೆ ಎಷ್ಟಿತ್ತು ಎನ್ನುವುದು ಎಲ್ಲಕ್ಕಿಂತ ಮುಖ್ಯ. 105ರಿಂದ 150ಕ್ಕೆ ಹೋದರೆ ಏರಿದ್ದು 45. 165ರಿಂದ 210ಕ್ಕೆ ಹೋದರೂ ಏರಿದ್ದು ಅದೇ 45. ಊಟ ಎರಡು ದಿನವೂ ಒಂದೇ ಕೆಲಸ ಮಾಡಿದೆ, ಶುರುವಾದ ಜಾಗ ಮಾತ್ರ ಬೇರೆ. ಬರೀ ಕೊನೆಯ ಅಂಕಿ ನೋಡಿ ಊಟವನ್ನು ಬೈದರೆ ಆಗುವುದಿಲ್ಲ, ಅಲ್ವಾ?

ಮೀಟರನ್ನೂ ಪೂರ್ತಿ ನಂಬಬೇಡಿ. ಒಳ್ಳೆಯ ಮೀಟರೂ ಶೇ 15ರಷ್ಟು ಆಚೀಚೆ ತೋರಿಸಬಹುದು. 150 ಮತ್ತು 160ರ ನಡುವೆ ವ್ಯತ್ಯಾಸ ಹುಡುಕುತ್ತಾ ಕೂರುವುದು ಸುಮ್ನೆ ತಲೆಬಿಸಿ. ಹಣ್ಣು ಹೆಚ್ಚಿದ ಬೆರಳನ್ನು ತೊಳೆಯದೆ ಚುಚ್ಚಿದರಂತೂ ಬೆರಳಿಗೆ ಮೆತ್ತಿದ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ.

ಎಚ್‌ಬಿಎ1ಸಿ 7.1 ಅಂದರೆ ಸರಾಸರಿ ಸುಮಾರು 157. ಅದು ಹಿಂದಿನ ಎರಡು–ಮೂರು ತಿಂಗಳ ಚಿತ್ರ. ಆದರೆ ಸರಾಸರಿಯಲ್ಲಿ ಏರಿಳಿತ ಕಾಣುವುದಿಲ್ಲ. ಇಡೀ ದಿನ 130ರಿಂದ 180ರೊಳಗೆ ಇರುವವರಿಗೂ, 60 ಮತ್ತು 280ರ ನಡುವೆ ಓಲಾಡುವವರಿಗೂ ಅದೇ 7.1 ಬರಬಹುದು. ರಕ್ತಹೀನತೆ ಇದ್ದರೆ ಈ ಅಂಕಿಯೇ ದಾರಿ ತಪ್ಪಿಸಬಹುದು. ಬರೀ 7.1 ನೋಡಿ ‘ಪರವಾಗಿಲ್ಲ’ ಎನ್ನುವ ಮುಂಚೆ ನಿಮ್ಮ 64ನ್ನೂ ನೋಡಬೇಕು.

ಹಾಗಾಗಿ ಒಂದು ವಾರ ಜೋಡಿಯಾಗಿ ನೋಡಿ. ದಿನಕ್ಕೆ ಒಂದೇ ಊಟ ಸಾಕು. ಉಣ್ಣುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ. ಎರಡನ್ನೂ ಒಂದು ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ನಿದ್ದೆ, ನಡಿಗೆ, ಕಾಯಿಲೆ, ಮಾತ್ರೆ ತೆಗೆದುಕೊಂಡ ಹೊತ್ತು ಬರೆದಿಡಿ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ಕ್ಕಿಂತ ಕಡಿಮೆ ಇರಲಿ ಎನ್ನುತ್ತೇವೆ. ನಿಮ್ಮ ಗುರಿಯನ್ನು ನಿಮ್ಮ ಡಾಕ್ಟರ್ ಹೇಳಬೇಕು. ಊಟದಲ್ಲಿ ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು, ಪಿಷ್ಟದ ಪದಾರ್ಥಗಳನ್ನು ಕೊನೆಗೆ ತಿನ್ನಿ. ಉಂಡ ಮೇಲೆ 10–15 ನಿಮಿಷ ನಡೆಯಿರಿ. ಇವೆರಡರ ಪರಿಣಾಮ ಎಷ್ಟೆಂದು ಆ ಪುಸ್ತಕದಲ್ಲಿ ನಿಮಗೇ ಕಾಣುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ 72 ವರ್ಷ. ಶುಗರ್ ತುಂಬಾ ದಿನ 280ರ ಮೇಲೆಯೇ ಇತ್ತು. ಹೊಸ ಮಾತ್ರೆ ಶುರು ಮಾಡಿದ ಮೇಲೆ 120 ಇರುವಾಗಲೇ ನಡುಕ, ಸುಸ್ತು ಅಂತಾರೆ. ಮೀಟರ್ ಕೆಟ್ಟಿದೆಯಾ?

ಉತ್ತರ: ಇರಲಾರದು. ದೇಹ ಹೆಚ್ಚಿನ ಶುಗರಿಗೆ ಒಗ್ಗಿಹೋಗಿದ್ದರೆ ಸರಿಯಾದ ಮಟ್ಟವೂ ಅದಕ್ಕೆ ಕಡಿಮೆ ಅನ್ನಿಸುತ್ತದೆ. ನಡುಕ ನಿಜ, ಅವರ ಮಾತನ್ನು ತಳ್ಳಿಹಾಕಬೇಡಿ. ಪ್ರತಿ ಸಲವೂ ಮೀಟರಿನಲ್ಲಿ ನೋಡಿ. 70ಕ್ಕಿಂತ ಮೇಲಿದ್ದರೆ ಸಕ್ಕರೆ ನೀರು ಬೇಡ. ಕೂರಿಸಿ, ಸ್ವಲ್ಪ ತಿನ್ನಲು ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏಕೆಂದರೆ ಶುಗರ್ ಇಳಿಯುತ್ತಲೇ ಇರಬಹುದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಬಿದ್ದರೆ ಕಷ್ಟ. ಇನ್ನೂ ನಿಧಾನವಾಗಿ ಇಳಿಸಲು ಆಗುತ್ತದೆಯೇ ಎಂದು ಅವರ ಡಾಕ್ಟರನ್ನು ಕೇಳಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ಇದ್ದರೆ ಅದನ್ನೂ ಹೇಳಿ. ಅದು ನಡುಕ ಮತ್ತು ಎದೆಬಡಿತವನ್ನು ಮರೆಮಾಚುವುದರಿಂದ ನಿಜವಾಗಿ ಶುಗರ್ ಇಳಿದಾಗ ಬೆವರೊಂದೇ ಸುಳಿವಾಗಿ ಉಳಿಯಬಹುದು.