ಕಾಲಿನ ಉಬ್ಬುನರಕ್ಕೆ ಬೀಜದ ಮಾತ್ರೆ

ಪ್ರಶ್ನೆ: ದಾಲ್ ಮಿಲ್ಲಿನಲ್ಲಿ ದಿನಕ್ಕೆ ಒಂಬತ್ತು ತಾಸು ನಿಂತು ಕೆಲಸ. ವಯಸ್ಸು 46. ಎಡ ಮೀನಖಂಡದಲ್ಲಿ ನರ ಹಗ್ಗದಂತೆ ಉಬ್ಬಿವೆ. ಸಂಜೆಗೆ ಪಾದ ಬಾತು ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತದೆ. ‘ಹಾರ್ಸ್ ಚೆಸ್ಟ್‌ನಟ್’ ಮರದ ಬೀಜದ ಮಾತ್ರೆ ನುಂಗಿದರೆ ಆಪರೇಷನ್ನೇ ಬೇಡ ಎನ್ನುತ್ತಾರೆ. ನಿಜವೇ?
– ಓದುಗ, ಕಲಬುರಗಿ

ಉತ್ತರ: ಅರ್ಧ ನಿಜ. ಬಾವು, ನೋವು, ತುರಿಕೆ ತಗ್ಗಬಹುದು. ಉಬ್ಬಿದ ನಾಳ ಇಳಿಯುವುದಿಲ್ಲ. ನಿಮಗೆ ಕೆಟ್ಟಿರುವುದು ನಾಳದೊಳಗಿನ ಕವಾಟ. ಮೇಲೇರಬೇಕಾದ ರಕ್ತ ಕೆಳಗೇ ನಿಂತು, ಒತ್ತಡಕ್ಕೆ ನೀರಿನಂಶ ಹೊರಗೆ ಜಿನುಗುತ್ತದೆ. ಬೀಜದಲ್ಲಿರುವ ಎಸ್ಕಿನ್ ಎಂಬ ಅಂಶ ಈ ಜಿನುಗನ್ನು ಕಡಿಮೆ ಮಾಡುತ್ತದೆಯೇ ಹೊರತು ಕವಾಟ ರಿಪೇರಿ ಮಾಡುವುದಿಲ್ಲ.

1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 240 ರೋಗಿಗಳಿದ್ದರು. 12 ವಾರಗಳಲ್ಲಿ ಮಾತ್ರೆಯವರ ಕಾಲಿನ ಗಾತ್ರ ಸುಮಾರು 44 ಮಿ.ಲೀ., ಬಿಗಿ ಸ್ಟಾಕಿಂಗ್ಸ್ (ಕಾಲನ್ನು ಒತ್ತಿ ಹಿಡಿಯುವ ಉದ್ದ ಕಾಲುಚೀಲ) ಹಾಕಿದವರದು ಸುಮಾರು 47 ಮಿ.ಲೀ. ಇಳಿಯಿತು, ಔಷಧವಿಲ್ಲದ ಹುಸಿ ಮಾತ್ರೆಯವರದು ಸುಮಾರು 10 ಮಿ.ಲೀ. ಏರಿತು. 17 ಪ್ರಯೋಗಗಳನ್ನು ಒಟ್ಟುಗೂಡಿಸಿದ 2012ರ ಕೊಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಸಂಸ್ಥೆ) ಪರಿಶೀಲನೆಯೂ ಅಲ್ಪಾವಧಿಗೆ ಉಪಯೋಗವಿದೆ ಎಂದಿತು. ಯಾವ ಪ್ರಯೋಗವೂ 16 ವಾರ ದಾಟಿರಲಿಲ್ಲ, ವರ್ಷಗಟ್ಟಲೆ ನುಂಗಲು ಇದು ಆಧಾರವಾಗದು.

ಕೊಳ್ಳುವಾಗ ಲೇಬಲ್ ಓದಿ. ಹೆಚ್ಚಿನ ಪ್ರಯೋಗಗಳಲ್ಲಿದ್ದುದು ಒಂದು ಹೊತ್ತಿಗೆ 50 ಮಿ.ಗ್ರಾಂ. ಎಸ್ಕಿನ್ ಇರುವ ಸಾರ, ದಿನಕ್ಕೆ ಎರಡು ಹೊತ್ತು. ಬರೀ ‘ಬೀಜದ ಪುಡಿ 500 ಮಿ.ಗ್ರಾಂ.’ ಎಂದಿದ್ದರೆ ಬಿಡಿ. ಹಸಿ ಬೀಜ ವಿಷ. ಹೆಸರು ಕೇಳಿ ಮೋಸ ಹೋಗಬೇಡಿ: ಇದು ಕೆರೆಯ ಸಿಂಗಾಡಾನೂ (ವಾಟರ್ ಚೆಸ್ಟ್‌ನಟ್) ಅಲ್ಲ, ಹುರುಳಿಯೂ (ಹಾರ್ಸ್ ಗ್ರಾಂ) ಅಲ್ಲ! ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಕಿಡ್ನಿ ಅಥವಾ ಲಿವರ್ ತೊಂದರೆಯವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ನನ್ನ ಓಟು ಸ್ಟಾಕಿಂಗ್ಸ್‌ಗೆ. ಬೆಳಿಗ್ಗೆ ಬಾವು ಇಲ್ಲದಾಗ ಹರಡು, ಮೀನಖಂಡಗಳ ಸುತ್ತಳತೆ ಕೊಟ್ಟು ತನ್ನಿ. ಸಂಜೆ ಅಳೆದರೆ ಸಡಿಲ ಜೋಡಿ ಸಿಗುತ್ತದೆ. ಹಾಸಿಗೆಯಿಂದ ಇಳಿಯುವ ಮುಂಚೆಯೇ ಏರಿಸಿ. ಸೆಕೆಗೆ ಮೇಲಂಚನ್ನು ಸುರುಳಿ ಮಾಡಿ ಇಳಿಸಿಕೊಳ್ಳುವವರುಂಟು. ಆ ಸುರುಳಿ ದಾರ ಬಿಗಿದಂತೆ ರಕ್ತ ತಡೆಯುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಅಥವಾ ಬೀಡಿ ಸೇದುತ್ತಿದ್ದರೆ ಕಾಲಿನ ಧಮನಿ ಪರೀಕ್ಷೆ ಮೊದಲು. ಮಿಲ್ಲಿನಲ್ಲಿ ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿಳಿಸಿ.

ಒಂದೇ ಕಾಲು ದಿಢೀರನೆ ಬಾತು ಬಿಸಿಯಾಗಿ ನೋಯತೊಡಗಿದರೆ ಆಸ್ಪತ್ರೆಗೆ ಅಂದೇ ಹೋಗಿ. ಅದು ಹೆಪ್ಪುಗಟ್ಟಿದ ರಕ್ತವಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ.

ಪ್ರಶ್ನೆ: ಒಂದೆಲಗದ ಚಟ್ನಿ ತಿಂದರೆ ಇದೇ ಲಾಭವಂತೆ?
– ಓದುಗಳು, ಬೀದರ್

ಉತ್ತರ: ಪರೀಕ್ಷಿಸಿದ್ದು ಎಲೆಯಿಂದ ಬೇರ್ಪಡಿಸಿದ ಸಾರವನ್ನು, ಅದೂ ಸಣ್ಣ ಪ್ರಯೋಗಗಳಲ್ಲಿ. ಚಟ್ನಿಯನ್ನು ರೊಟ್ಟಿಗೆ ನೆಂಚಿಕೊಳ್ಳಲು ಮಾಡಿ.