ನೀರಿನ ಬಾಟಲಿಗೆ ವಿಟಮಿನ್ ಸಿ ಹನಿ ಹಾಕಿದರೆ ಸಾಲದು

ಮುಂದಿನ ವಾರ ನಿಮ್ಮ ಗಿನಿ ಪಿಗ್‌ಗೆ ಅರಿವಳಿಕೆ ಕೊಟ್ಟು ಬೆಳೆದ ಹಲ್ಲು ಕತ್ತರಿಸಿ ಸರಿಮಾಡುತ್ತಾರೆ, ವಿಟಮಿನ್ ಸಿ ಹನಿಯನ್ನು ಬಾಟಲಿ ನೀರಿಗೆ ಹಾಕ್ತಿದ್ದೇನೆ, ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ನಾನೂ ಇದನ್ನೇ ಮಾಡಿದ್ದೆ.

ಅರಿವಳಿಕೆ ಕೊಟ್ಟ ದಿನ ನನ್ನ ಗಿನಿ ಪಿಗ್ ಮುದ್ದಿ ಮಧ್ಯಾಹ್ನವೇ ಏಳಬೇಕಿತ್ತು, ಕತ್ತಲಾದರೂ ತಲೆ ಎತ್ತಲಿಲ್ಲ. ಮೈ ತಣ್ಣಗಾಗುತ್ತಿತ್ತು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಟ್ಟು ರಾತ್ರಿಯೆಲ್ಲ ಕೂತಿದ್ದೆ. ಬದುಕಿತು. ಮೊಣಕಾಲು ಊದಿದ್ದು, ಕೂದಲು ಒರಟಾಗಿದ್ದು, ಅಂದರೆ ವಿಟಮಿನ್ ಸಿ ಕೊರತೆಯ ಗುರುತುಗಳು, ನನಗೆ ಕಂಡಿದ್ದೇ ಆಮೇಲೆ. ವಯಸ್ಸೂ ಆಗಿತ್ತು, ಕೊರತೆಯೊಂದೇ ಕಾರಣ ಅನ್ನಲಾರೆ. ಆದರೆ ವಿಷ, ಔಷಧಿ ಎರಡನ್ನೂ ಒಡೆಯುವುದು ಲಿವರ್‌ನ ಸೈಟೋಕ್ರೋಮ್ ಪಿ450 ಕಿಣ್ವಗಳು. ವಿಟಮಿನ್ ಸಿ ಇಳಿದರೆ ಗಿನಿ ಪಿಗ್‌ನಲ್ಲಿ ಅವೂ ಇಳಿಯುತ್ತವೆ. ಪೆಂಟೋಬಾರ್ಬಿಟಾಲ್ ಎಂಬ ನಿದ್ದೆ ಬರಿಸುವ ಮದ್ದು ಕೊಟ್ಟ ಪ್ರಯೋಗಗಳಲ್ಲಿ ಕೊರತೆ ಇದ್ದವು ಜಾಸ್ತಿ ಹೊತ್ತು ಮಲಗಿದ್ದವು. ಇಲಿ ಸಾಕುವವರ ಮಾತು ಇಲ್ಲಿ ಕೇಳಬೇಡಿ. ಇಲಿ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ, ಕೆಲವು ರಾಸಾಯನಿಕ ಒಳಹೊಕ್ಕರೆ ಇನ್ನೂ ಜಾಸ್ತಿ ತಯಾರಿಸುತ್ತದೆ. ಗಿನಿ ಪಿಗ್‌ಗೂ ನಮಗೂ ಆ ಶಕ್ತಿ ಇಲ್ಲ.

ನೀರಿಗೆ ಹಾಕಿದ್ದು ಬೆಳಕು, ಗಾಳಿ, ಲೋಹ ತಾಗಿ ಕೆಡುತ್ತದೆ. ಎಷ್ಟು ಕುಡಿಯಿತೋ ಲೆಕ್ಕವೂ ಸಿಗದು. ರುಚಿ ಬದಲಾಯಿತು ಅಂತ ನೀರೇ ಬಿಟ್ಟರೆ ಇನ್ನೂ ಕಷ್ಟ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ನೇರ ಕೊಡಿ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ, ಕಾಯಿಲೆ ಇದ್ದಾಗ, ಬಸುರಿಯಾಗಿದ್ದಾಗ ಮೇಲಿನ ಅಳತೆ. ಇವತ್ತೇ ಶುರು ಮಾಡಿ, ಲಿವರ್ ಒಂದೇ ರಾತ್ರಿಯಲ್ಲಿ ಸುಧಾರಿಸುವುದಿಲ್ಲ. ಮಲ್ಟಿವಿಟಮಿನ್ ಮಾತ್ರ ದಯವಿಟ್ಟು ಬೇಡ, ಎ ಮತ್ತು ಡಿ ಮೈಯಲ್ಲಿ ಶೇಖರವಾಗುತ್ತವೆ. ಪೆಲೆಟ್‌ಗಳಲ್ಲಿ, ಅಂದರೆ ಗುಳಿಗೆಯಂಥ ಒಣ ಆಹಾರದಲ್ಲಿ, ನನಗೆ ಆಕ್ಸ್‌ಬೋ ಕಂಪನಿಯದು ಇಷ್ಟ, ಬೇಗ ಕೆಡದ ರೂಪದ ವಿಟಮಿನ್ ಸಿ ಹಾಕುತ್ತಾರೆ. ಹಾಗಂತ ದೊಡ್ಡ ಚೀಲ ತಂದು ತಿಂಗಳುಗಟ್ಟಲೆ ಇಟ್ಟರೆ ಅದೂ ಸುಮ್ನೆ ಹೊಟ್ಟೆ ತುಂಬಿಸುತ್ತದೆ ಅಷ್ಟೇ. ದಿನಾ ಒಂದು ತುಂಡು ದೊಣ್ಣೆ ಮೆಣಸಿನಕಾಯಿ ಹಾಕಿ, ಕೆಂಪಿದ್ದರೆ ಇನ್ನೂ ಒಳ್ಳೆಯದು.

ಯಾವ ಅರಿವಳಿಕೆ ಅಂತ ವೈದ್ಯರನ್ನು ಕೇಳಿದಿರಾ? ಮೂಗಿಗೆ ಹಿಡಿಯುವ ಅರಿವಳಿಕೆ ಐಸೋಫ್ಲೂರೇನ್ ಬಹುಪಾಲು ಉಸಿರಿನಲ್ಲೇ ಹೊರಹೋಗುತ್ತದೆ. ಚುಚ್ಚುವ ಮದ್ದುಗಳು ಹೆಚ್ಚಾಗಿ ಲಿವರ್ ಮೇಲೇ ಬೀಳುತ್ತವೆ. ಮೊಣಕಾಲು ಊದಿದ್ದರೆ ಮೊದಲೇ ಹೇಳಿ, ದಿನ ಮುಂದೂಡುವುದು ಅವರಿಗೆ ಬಿಟ್ಟಿದ್ದು.

ನಿಮ್ಮ ಫೋಟೋದಲ್ಲಿ ಗೂಡಿಗೆ ಹಾಕಿರುವುದು ಸೀಡರ್ ಮರದ ಹೊಟ್ಟು ಅಲ್ವಾ? ಇವತ್ತೇ ತೆಗೆಯಿರಿ. ಅದರ ಆವಿ ಉಸಿರಾಟಕ್ಕೂ ಕೆಟ್ಟದ್ದು, ಲಿವರ್‌ಗೂ ಹೊರೆ. ಹಲ್ಲಿನ ಕೆಲಸ ಆದಮೇಲೆ ಯಾರಾದರೂ ಅಮಾಕ್ಸಿಸಿಲಿನ್ ಕುಡಿಸಿ ಅಂದರೆ ಒಪ್ಪಬೇಡಿ, ಬೇರೆ ಆ್ಯಂಟಿಬಯಾಟಿಕ್ ಕೇಳಿ. ಅಮಾಕ್ಸಿಸಿಲಿನ್ ಗಿನಿ ಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಪ್ರಾಣವನ್ನೇ ತೆಗೆಯಬಹುದು, ಅಲ್ಲಿ ವಿಟಮಿನ್ ಸಿ ಕೈಹಿಡಿಯುವುದಿಲ್ಲ.