ಹೆಸರೊಂದೇ, ಎಣ್ಣೆ ಮೂರು ಬಗೆ

ಪ್ರಶ್ನೆ: ಕರಿದ ಕುರುಕಲು ತಿಂಡಿಯನ್ನು ಪ್ಯಾಕೆಟ್ ಮಾಡಿ ಮಾರುತ್ತೇವೆ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯನ್ನೇ ಬಳಸಿದರೂ ಮೂರನೇ ವಾರಕ್ಕೆ ಕಮಟು ವಾಸನೆ. ಬಾಣಲೆಯ ಅಂಚಿಗೆ ಕಂದು ಅಂಟು ಹಿಡಿಯುತ್ತದೆ, ಎಷ್ಟು ಉಜ್ಜಿದರೂ ಹೋಗದು. ‘ಹೈ ಓಲೆಯಿಕ್’ ಎಣ್ಣೆಗೆ ಬದಲಾಯಿಸಬೇಕೆ?

ಉತ್ತರ: ಕಮಟಿಗೂ ಅಂಟಿಗೂ ಮುಖ್ಯ ಕಾರಣ ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಸುಮಾರು 60% ಇರುತ್ತದೆ. ಅದರ ಅಣುವಿನಲ್ಲಿ ಎರಡು ದ್ವಿಬಂಧಗಳಿವೆ (ಇಂಗಾಲದ ಪರಮಾಣುಗಳ ನಡುವಿನ ಜೋಡಿ ಕೊಂಡಿಗಳು). ಅವುಗಳ ನಡುವಿನ ಜಾಗವೇ ಆಮ್ಲಜನಕಕ್ಕೆ ಸುಲಭದ ತುತ್ತು. ಹೈ ಓಲೆಯಿಕ್ ಎಂದರೆ ಓಲೆಯಿಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ. ಈ ಆಮ್ಲದಲ್ಲಿರುವುದು ಒಂದೇ ದ್ವಿಬಂಧ, ಹಾಗಾಗಿ ಅದು ಹತ್ತಾರು ಪಟ್ಟು ನಿಧಾನವಾಗಿ ಕೆಡುತ್ತದೆ. ಕಾದ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಅಂಚಿನ ಅಂಟಾಗುತ್ತವೆ.

ಕೊಳ್ಳುವಾಗ ಡಬ್ಬಿಯ ಹಿಂದಿನ ಕೋಷ್ಟಕ ನೋಡಿ. 100 ಗ್ರಾಂಗೆ ಮೋನೋ ಅನ್‌ಸ್ಯಾಚುರೇಟೆಡ್ ಕೊಬ್ಬು (ಇದರಲ್ಲಿ ಬಹುಪಾಲು ಓಲೆಯಿಕ್ ಆಮ್ಲವೇ) 25–30 ಗ್ರಾಂ ಇದ್ದರೆ ಸಾಮಾನ್ಯ ಎಣ್ಣೆ, 60ರ ಆಸುಪಾಸಿನಲ್ಲಿದ್ದರೆ ಮಿಡ್ ಓಲೆಯಿಕ್, 75 ದಾಟಿದರೆ ಹೈ ಓಲೆಯಿಕ್. ‘ರಿಫೈನ್ಡ್’ ಎಂಬ ಮಾತು ಅಂಟು, ಬಣ್ಣ, ವಾಸನೆ ತೆಗೆದಿದ್ದಾರೆ ಎಂದಷ್ಟೇ ಹೇಳುತ್ತದೆ. ಯಾವ ಬಗೆ ಎಂದು ಹೇಳುವುದಿಲ್ಲ.

ನಿಮ್ಮ ಕೆಲಸಕ್ಕೆ ಹೈ ಓಲೆಯಿಕ್ ಸರಿ. ಆದರೆ ಮೊದಲು ಒಂದು ಪರೀಕ್ಷೆ ಮಾಡಿ: ಈಗಿನ ಎಣ್ಣೆಯನ್ನೇ ಹೊಸದಾಗಿ ಸುರಿದು ಒಂದು ಬಾರಿ ಕರಿದು, ಅರ್ಧವನ್ನು ಪಾರದರ್ಶಕ ಕವರಿನಲ್ಲೂ ಅರ್ಧವನ್ನು ಬೆಳಕು ಹೋಗದ ಕವರಿನಲ್ಲೂ ಕಟ್ಟಿ ಒಂದೇ ಕಡೆ ಬೆಳಕಿನಲ್ಲಿಡಿ. ಮೂರು ದಿನಕ್ಕೊಮ್ಮೆ ಒಂದೊಂದು ಒಡೆದು ಮೂಸಿ. ಪಾರದರ್ಶಕ ಕವರಿನದು ಮೊದಲು ಕಮಟಿದರೆ ಬೆಳಕಿನದೂ ತಪ್ಪಿದೆ. ಎರಡೂ ಕವರಿನವು ಒಂದು ತಿಂಗಳು ತಾಳಿದರೆ ತಪ್ಪು ಹಳೆಯ ಎಣ್ಣೆಯದು. ಕೆಟ್ಟ ಎಣ್ಣೆಗೆ ಹೊಸದನ್ನು ಬೆರೆಸುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ. ಚಿಪ್ಸ್‌ನಂಥ ತಿಂಡಿಯ ತೂಕದಲ್ಲಿ ಮೂರನೇ ಒಂದು ಭಾಗ ಎಣ್ಣೆಯೇ ಎಂಬುದು ನೆನಪಿರಲಿ.

ಕಾವು 175–180 ಡಿಗ್ರಿ ದಾಟದಿರಲಿ. ಪ್ರತಿ ದಿನ ಚೂರುಗಳನ್ನು ಸೋಸಿ, ಉಪ್ಪನ್ನು ಬಾಣಲೆಯ ಮೇಲೆ ಉದುರಿಸಬೇಡಿ. ಜಾಲರಿ ಸ್ಟೀಲಿನದೇ ಇರಲಿ: ತಾಮ್ರ, ಹಿತ್ತಾಳೆ ತಾಗಿದರೆ ಎಣ್ಣೆ ಬೇಗ ಕೆಡುತ್ತದೆ. ಇಳಿಯದ ನೊರೆ ಎದ್ದು ನಿಂತರೆ, ಹೊಗೆ ಬೇಗ ಬಂದರೆ ಆ ಎಣ್ಣೆ ಚೆಲ್ಲಬೇಕಾದ್ದೇ.

ಹೈ ಓಲೆಯಿಕ್ ದುಬಾರಿ ಎನಿಸಿದರೆ ಸಾಮಾನ್ಯ ಎಣ್ಣೆಯೊಂದಿಗೆ ಅರ್ಧಕ್ಕರ್ಧ ಬೆರೆಸಬಹುದು; ಗುಣ ಮಿಡ್ ಓಲೆಯಿಕ್‌ನ ಹತ್ತಿರ ಬರುತ್ತದೆ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟ ಸೂರ್ಯಕಾಂತಿ ಎಣ್ಣೆ ಮಬ್ಬಾಯಿತು. ಅದರಲ್ಲಿ ಮಾಡಿದ ಮೇಯನೇಸ್ ಕೂಡ ಒಡೆಯಿತು. ಕಲಬೆರಕೆಯೆ?

ಉತ್ತರ: ಮಬ್ಬಾದ ಮಾತ್ರಕ್ಕೆ ಕಲಬೆರಕೆ ಅಲ್ಲ. ಬೀಜದ ಸಿಪ್ಪೆಯ ಮೇಣ ಎಣ್ಣೆಯಲ್ಲಿ ಉಳಿದಿದ್ದರೆ ತಂಪಿಗೆ ಹರಳುಗಟ್ಟುತ್ತದೆ. ಕಾರ್ಖಾನೆಯಲ್ಲಿ ಎಣ್ಣೆಯನ್ನು ತಣಿಸಿ ಸೋಸಿ ಇದನ್ನು ತೆಗೆಯುತ್ತಾರೆ. ಗಾಣದ ಎಣ್ಣೆಯಲ್ಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಅಡುಗೆಗೆ ಏನೂ ತೊಂದರೆಯಿಲ್ಲ, ಬೆಚ್ಚಗಿನ ನೀರಿನಲ್ಲಿ ಬಾಟಲಿ ನಿಲ್ಲಿಸಿದರೆ ತಿಳಿಯಾಗುತ್ತದೆ. ಮೇಯನೇಸ್‌ಗೆ ಮಾತ್ರ ಅದು ಬೇಡ, ಫ್ರಿಜ್‌ನಲ್ಲಿ ಹರಳುಗಳು ಎಣ್ಣೆಹನಿಗಳ ಸುತ್ತಲಿನ ಪೊರೆಯನ್ನು ಚುಚ್ಚಿ ಒಡೆಯುತ್ತವೆ. ಕೊಂಡ ಎಣ್ಣೆಯನ್ನು ಮುಚ್ಚಿದ ಗಾಜಿನ ಸೀಸೆಯಲ್ಲಿ ತುಂಬಿ, ಮಂಜುಗಡ್ಡೆ ಬೆರೆತ ನೀರಿನಲ್ಲಿ ಐದೂವರೆ ಗಂಟೆ ಮುಳುಗಿಸಿಡಿ. ಆಮೇಲೂ ತಿಳಿಯಾಗಿದ್ದರೆ ಮೇಯನೇಸ್‌ಗೆ ಬಳಸಿ.